ಒಂದು ಮಗ್ಗಿಗೆ ನಲವತ್ತು ಹಾಳಿ

ಖಡಕಿ ಬಜಾರದ ಹಿಂದ
ನಂದೊಂದು ಝೆರಾಕ್ಸ್ ಅಂಗಡಿ. ಎಂಟು ಫೂಟು, ಆರು ಫೂಟು.
ಮಂದಿ ಮುಖಕ್ಕಿಂತ ಮೊದಲು
ಮಂದಿ ಕಾಗದಾ ನೋಡೂ ಧಂದೇ ಇದು.
ಯಾರ ಖಾತೇದಾಗ ಎಷ್ಟೈತಿ ನನಗ ಗೊತ್ತು;
ಹೇಳೂದಿಲ್ಲ.
ಹಾಳಿ ಬಿಸಿ ಇರೂತನಕ ನೆನಪು. ಆರಿತು, ಮರ್ತೆ.

ಮುಟಿಂಟಾ ಬಂದದ್ದು ಜುಲೈದಾಗ,
ಪಾಸ್‌ಪೋರ್ಟು ಪ್ಲಾಸ್ಟಿಕ್ ಚೀಲದಾಗ, ಚೀಲ ಜಾಕೀಟಿನ ಒಳಗ.
ಝಾಂಬಿಯಾ ಅಂದ್ಳು. ಊರು ಸಿಯಾವೊಂಗಾ ಅಂದ್ಳು.
ನಾ ಅಥಣಿ ಅಂದೆ.
ಒಬ್ಬರ ಊರು ಒಬ್ಬರು ಕೇಳಿರಲಿಲ್ಲ. ಲೆಕ್ಕ ಚುಕ್ತಾ.

ಪೊಲೀಸ್ ನೋಂದಣಿಗೆ ಮೂರು ಪ್ರತಿ, ಕಾಲೇಜಿಗೆ ನಾಕು,
ಸಿಮ್ ಕಾರ್ಡಿಗೆ ಒಂದು.
ಬ್ಯಾಂಕಿನವ ಮನಿ ಕರಾರು ತಾ ಅಂದ,
ಮನಿ ಮಾಲಕ ಬ್ಯಾಂಕಿನ ಚೆಕ್ಕು ತಾ ಅಂದ.
ಒಂಬತ್ತು ದಿನ ಇಬ್ಬರ ನಡುವ ನಡದ್ಳು.
ಹತ್ತನೇ ದಿನ ನನ್ನ ಸ್ಟೂಲಿನ ಮ್ಯಾಲೆ ಕುಂತು
ನೀರು ಕೇಳಿದ್ಳು. ಅಳಲಿಲ್ಲ.
ಬೂಟು ಬಿಚ್ಚಿ, ಒಳಗಿನ ಹಳ್ಳು ತಗದು ಒಗದ್ಳು.

ಅವರವ್ವ ಕೆರಿ ದಂಡಿಗೆ ಒಣಮೀನ ಮಾರ್ತಾಳಂತ;
ಕೆರಿ ಅಂದ್ರ ಆಚೀ ದಂಡಿ ಕಾಣದಂಥ ಕೆರಿ.
ಕಪೆಂಟಾ ಅಂತ, ಕಿರಿಬೆರಳಿನಷ್ಟು ಮೀನ.
ತಕ್ಕಡಿ ಇಲ್ಲ. ಒಂದು ತಗಡಿನ ಮಗ್ಗು, ತುಂಬಿ,
ಮ್ಯಾಲೊಂದು ಹಿಡಿ ಜಾಸ್ತಿ.
ಮಗ್ಗಿಗೆ ನಮ್ಮ ಎಂಬತ್ತು ರೂಪಾಯಿ ಹಿಡೀರಿ.
ಮುಟಿಂಟಾ ರೂಪಾಯಿದಾಗ ಎಣಸೂದೇ ಇಲ್ಲ:
ಕೋಣಿ ಬಾಡಿಗಿ ಎಂಬತ್ತು ಮಗ್ಗು, ಮೆಸ್ಸು ಮೂವತ್ತೈದು,
ಡೆಪಾಸಿಟ್ಟು ಇನ್ನೂರಾ ನಲವತ್ತು.
ಅದನ್ನ ಹೇಳುವಾಗ ದನಿ ಸಣ್ಣದಾತು.
ಒಮ್ಮೆ ರೊಕ್ಕ ಬರೂ ದಾರಿಯೊಳಗ
ನಡುವಿನ ಯಾವುದೋ ಬ್ಯಾಂಕು ಹದಿನೆಂಟು ಮಗ್ಗು ತಿಂದಿತ್ತು.
“ಹೆಸರಿಲ್ಲದ ಬೆಕ್ಕು” ಅಂದ್ಳು.

ನಾನೂ ಹಂಗೇ. ಹತ್ತೊಂಬತ್ತು ವರ್ಷ ಹಾಳ್ಯಾಗ ಎಣಸ್ತೇನಿ.
ಹಾಳಿಗೆ ಎರಡು ರೂಪಾಯಿ; ಹಾಲಿನ ಪಾಕೀಟು ಹದಿನೈದು ಹಾಳಿ,
ಮಗಳ ಚಷ್ಮಾ ಒಂಬೈನೂರು.
ಒಂದು ಮಗ್ಗಿಗೆ ನಲವತ್ತು ಹಾಳಿ:
ಈ ದರ ಯಾವ ಪೇಪರಿನ್ಯಾಗೂ ಬರೂದಿಲ್ಲ.

ಪರೀಕ್ಷಾ ಗದ್ದಲದಾಗ “ಕೌಂಟರಿಗೆ ಕೂಡ್ರವಾ,
ತಾಸಿಗೆ ಅರವತ್ತು ಕೊಡ್ತೇನಿ” ಅಂದೆ.
ವೀಸಾದ ಹಾಳಿ ತಗದು ಬೊಟ್ಟಿಟ್ಟು ತೋರಿಸಿದ್ಳು,
ದುಡಿಯೂ ಹಂಗಿಲ್ಲ.
ನಾನೇ ಹತ್ತು ಸಲ ಪ್ರತಿ ತಗದ ಹಾಳಿ ಅದು. ಓದಿರಲಿಲ್ಲ.
ಆ ತಿಂಗಳು ಉದ್ದರಿ ಮೂವತ್ತೆಂಟು. “ಬರಕೋ” ಅಂದ್ಳು.
ಇರಲಿ ಬಿಡು ಅಂದೆ.
ಪೆನ್ನು ಕಸಗೊಂಡು ತಾನೇ ಬರದ್ಳು.

ಆದ್ರ ಹೇಳಬೇಕಾದದ್ದು ಫೋಟೋದ ಮಾತು.
ಕೋಣಿ ಕೈಗೆ ಬಂದ ದಿನಾನೇ ಬಂದಿದ್ಳು,
ಹದಿನಾಕು ಬಣ್ಣದ ಪ್ರಿಂಟು ಬೇಕು ಅಂತ.
ಯಾರ ಫೋಟೋ? ಯಾರದೂ ಅಲ್ಲ. ಗ್ವಾಡಿ.
ಗ್ವಾಡಿ, ನಳದ ಬುಡ, ಹಸಿ ಏರಿದ ಮೂಲಿ,
ಮುರದ ಸ್ವಿಚ್ಚು, ಹನ್ನೊಂದು ಮೊಳಿ ತೂತು.
ನಕ್ಕೆ. ನೂರಾ ನಲವತ್ತು ರೂಪಾಯಿ ನೀರಾಗ ಹಾಕ್ತಿ ತಂಗಿ!
“ಎರಡು ಮಗ್ಗಿಗೂ ಕಮ್ಮಿ.”
ಹಿಂದ ತಾರೀಕು ಬರದು
ಮಾಲಕ ಜೋಗಳೇಕರ್ ಕಾಕಾನ ಸಹಿ ಹಾಕಿಸಿದ್ಳು.
ಅವರೂ ನಕ್ಕರಂತ.

ಹನ್ನೊಂದು ತಿಂಗಳಿಗೆ ಕರಾರು ಮುಗೀತು.
ಬಣ್ಣ, ಮೊಳಿ ತೂತು, ಸ್ವಿಚ್ಚು ಅಂತ ಕೂಡಿಸಿ
ಕಾಕಾ ಅರವತ್ತೈದು ಮಗ್ಗು ಕಟ್ ಮಾಡಿದ್ರು, ರೂಪಾಯಿದಾಗ.
ಅಕಿ ಜಗಳಾ ತಗೀಲಿಲ್ಲ.
ಹದಿನಾಕೂ ಫೋಟೋ ನೆಲದ ಮ್ಯಾಲೆ ಇಸ್ಪೀಟಿನಂಗ ಹಾಸಿ
ಒಂದೊಂದ ಬೋರಲು ಮಾಡಿದ್ಳಂತ, ಸಹಿ ಕಾಣೂಹಂಗ.
ಕಾಕಾ ಚಷ್ಮಾ ತಗದ್ರು, ಒರಸಿದ್ರು, ಮತ್ತ ಹಾಕ್ಕೊಂಡ್ರು.
ಚಹಾ ಕುಡೀತಿಯೇನು ಅಂದ್ರು.

ಅವತ್ತ ಸಂಜೀಕ ಬಂದ್ಳು. “ಕಿತಿ ಝಾಲೆ?” ಅಂದ್ಳು,
ಈ ಊರಿನ ಮಾತು, ನನಗಿಂತ ನೆಟ್ಟಗ.
ಎಷ್ಟಂತ ಅಕೀಗೇ ಗೊತ್ತಿತ್ತು.
ಚಿಲ್ಲರ ಎಣಿಸಿಟ್ಟು, ವಹಿ ತಿರವಿ,
ತನ್ನ ಹೆಸರಿನ ಮ್ಯಾಲೆ ತಾನೇ ಗೀಟು ಹೊಡದ್ಳು.

ರಾತ್ರಿ ಶಟರ್ ಅರ್ಧ ಎಳದು ನಿಂತೆ.
ಈ ಅಂಗಡೀನೂ ಬಾಡಿಗೀದು.
ಊರ ಮಂದಿದೆಲ್ಲಾ ಪ್ರತಿ ತಗದೇನಿ,
ಈ ನಾಕು ಗ್ವಾಡೀದು ಒಂದೂ ಇಲ್ಲ.
ಮೊಬೈಲು ತಗದೆ.
ಮೊದಲನೇ ಫೋಟೋದಾಗ
ಟೋನರ್ ಹತ್ತಿದ ನನ್ನ ಹೆಬ್ಬೆರಳೇ ಬಂತು.